ರವಿ-ಚಂದ್ರೋಚ್ಚ ಯೋಗವೂ ಶರಣಮಾರ್ಗವೂ



 ಇಂದಿನ ಉಪನ್ಯಾಸಕ್ಕೆ ವಿಷಯವಾಗಿರುವುದು ಜಾತಕದೊಳಗಿನ ಒಂದು ದೃಷ್ಟಿ. ಮಹೋತ್ಸವದ ವೇದಿಕೆಯಲ್ಲಿ ಜಾತಕದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಮಠಕ್ಕೆ ಬರುವ ಭಕ್ತರು ಶ್ರೀಪಾದದ ಮುಂದೆ ಇಟ್ಟು ಕೇಳುವ ಸಂಕಟಗಳಲ್ಲಿ ಇಂಥದೂ ಒಂದು ಇರುವುದರಿಂದ, ಅದನ್ನು ಬಿಡಿಸಿ ನೋಡುವುದು ಅನುಚಿತವಲ್ಲ.

ಒಂದು ಒಕ್ಕಲುಮನೆಯನ್ನು ಮನಸ್ಸಿನಲ್ಲಿ ಭಾವಿಸಿಕೊಳ್ಳಬಹುದು. ಮನೆಗೆ ಒಬ್ಬಳೇ ಮಗಳು. ಓದಿದವಳು, ಮಾತಿನಲ್ಲಿ ನೇರ, ಕೆಲಸದಲ್ಲಿ ಚುರುಕು. ಕಣ್ಣಿ ಕಿತ್ತುಕೊಂಡ ಹೋರಿಯ ಮೂಗುದಾರಕ್ಕೆ ಗಂಡಾಳುಗಳು ಹಿಂದುಮುಂದು ನೋಡುವಾಗ ತಾನೇ ಹೋಗಿ ಕೈಹಾಕುವವಳು. ಸರಿಯಲ್ಲವೆಂದು ಕಂಡುದನ್ನು ಹಿರಿಯರ ಮುಂದೆಯೂ ಸರಿಯಲ್ಲವೆಂದೇ ಹೇಳುವವಳು. ಒಳ್ಳೆಯ ಕಡೆಯಿಂದ ಸಂಬಂಧ ಬಂದು, ಮಾತು ಮುಗಿಯುವ ಹೊತ್ತಿಗೆ, ಹೊಸ ಪದ್ಧತಿಯಲ್ಲಿ ಜಾತಕ ನೋಡುವವರು ಒಬ್ಬರು ಹೀಗೆಂದರು: 'ಹುಡುಗಿಯ ರವಿಗೂ ಕಪ್ಪು ಚಂದ್ರನಿಗೂ ಯೋಗವಿದೆ. ಇದು ಕಾಡುಗುಣ. ಇವಳು ಮನೆಗೆ ಒಗ್ಗುವವಳಲ್ಲ.' ಸಂಬಂಧ ಅಲ್ಲಿಗೆ ನಿಂತಿತು. ಹುಡುಗಿಯ ಅಜ್ಜ ಮಠಕ್ಕೆ ಬಂದು, ಅಡ್ಡಬಿದ್ದು, ಕೇಳಿಕೊಳ್ಳುವುದು ಇಷ್ಟು: 'ಬುದ್ಧೀ, ನಮ್ಮ ಮಗೀಗೆ ಈ ದೋಷ ಹೆಂಗೆ ಅಂಟಿತು? ಇದಕ್ಕೆ ಶಾಂತಿ ಏನಾದರೂ ಉಂಟೋ?'

ಆ ಅಜ್ಜನ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಆಕಾಶದಲ್ಲಿ ಅಂಥದೊಂದು ದೋಷವು ಉಂಟೆ ಎಂಬುದು ಒಂದು. ಮನುಷ್ಯನೊಳಗೆ ಪಳಗದೆ ಉಳಿದಿರುವ ಒಂದು ಶಕ್ತಿಯುಂಟಷ್ಟೆ, ಅದನ್ನು ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಣಿತವು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರವನ್ನು ಅನುಭಾವಿಗಳಲ್ಲಿಯೇ ಹುಡುಕಬೇಕು.

ಮೊದಲು ಆಕಾಶದ ಸಂಗತಿ. ಜ್ಯೋತಿಷದಲ್ಲಿ ರವಿಯು ಆತ್ಮಕಾರಕನು, ಚಂದ್ರನು ಮನಃಕಾರಕನು. ವರಾಹಮಿಹಿರನು ಬೃಹಜ್ಜಾತಕದಲ್ಲಿ ಕಾಲಪುರುಷನಿಗೆ ರವಿಯನ್ನು ಆತ್ಮವಾಗಿಯೂ ಚಂದ್ರನನ್ನು ಮನಸ್ಸಾಗಿಯೂ ಹೇಳಿರುತ್ತಾನೆ. 'ನಾನು ಇಂಥವನು' ಎಂದು ಹೆಸರು ಹೇಳಿಕೊಂಡು ನಿಲ್ಲುವ ತತ್ತ್ವವು ರವಿಯದೆಂದು ಪಾಶ್ಚಾತ್ಯರೂ ಒಪ್ಪುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯ ಜ್ಯೋತಿಷಿಗಳು ಜಾತಕಚಕ್ರದೊಳಗೆ ಹೊಸತೊಂದು ಸ್ಥಾನವನ್ನು ಬರೆಯತೊಡಗಿದರು. ಅದಕ್ಕೆ ಕಪ್ಪು ಚಂದ್ರನೆಂದೂ ಲಿಲಿತ್ ಎಂದೂ ಹೆಸರಿಟ್ಟರು. ಲಿಲಿತ್ ಎಂಬುವಳು ಯೆಹೂದ್ಯರ ಐತಿಹ್ಯದಲ್ಲಿ ಆದಿಪುರುಷನಾದ ಆದಾಮನ ಮೊದಲನೆಯ ಹೆಂಡತಿ. ತಾನೂ ಅವನೂ ಒಂದೇ ಮಣ್ಣಿನಿಂದ ಹುಟ್ಟಿದವರಾದುದರಿಂದ ಅವನಿಗೆ ಕೆಳಗಾಗಿ ಇರಲಾರೆನೆಂದು ಹೇಳಿ, ಅವನನ್ನು ತೊರೆದು ಹೋದವಳೆಂದು ಕಥೆ. ಆ ಹೆಸರಿನ ಬೇರು ಇನ್ನೂ ಹಿಂದಕ್ಕೆ, ಬಾಬಿಲೋನಿನ ಸೀಮೆಯ ರಾತ್ರಿಯ ಭೂತಗಳ ನಂಬಿಕೆಗೆ ಹೋಗುತ್ತದೆ. ಈ ಕಥೆಯನ್ನು ಹಿಡಿದು, ಮನುಷ್ಯನಲ್ಲಿ ಕಟ್ಟಿಗೆ ಒಳಗಾಗದ ಸಹಜಪ್ರವೃತ್ತಿ ಯಾವುದುಂಟೋ ಅದನ್ನು ಆ ಸ್ಥಾನವು ಸೂಚಿಸುತ್ತದೆಂದು ಅವರು ಫಲವನ್ನು ಕಲ್ಪಿಸಿದರು. ರವಿಯು ಆ ಸ್ಥಾನದೊಡನೆ ಕೂಡಿದರೆ, ಅಥವಾ ಅದನ್ನು ನೋಡಿದರೆ, ಹೆಸರಿನ ಮನುಷ್ಯನೂ ಅಡವಿಯ ಮನುಷ್ಯನೂ ಒಂದೇ ಮನೆಯಲ್ಲಿ ಜಗಳವಾಡುತ್ತಾರೆಂಬುದು ಅವರ ಮತ.

ಈ ಕಪ್ಪು ಚಂದ್ರನು ಗ್ರಹವೂ ಅಲ್ಲ, ನಕ್ಷತ್ರವೂ ಅಲ್ಲ. ಅಲ್ಲಿ ಕಲ್ಲಾಗಲಿ ಮಣ್ಣಾಗಲಿ ಬೆಳಕಾಗಲಿ ಇರುವುದಿಲ್ಲ. ಚಂದ್ರನು ಭೂಮಿಯನ್ನು ಸುತ್ತುವ ಪಥವು ಪೂರ್ಣವರ್ತುಲವಲ್ಲದೆ ದೀರ್ಘವರ್ತುಲವಾಗಿರುವುದರಿಂದ ಅವನು ಒಮ್ಮೆ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಹೋಗುತ್ತಾನೆ. ಹತ್ತಿರವೆಂದರೆ ಸರಾಸರಿಯಲ್ಲಿ ಸುಮಾರು 3,63,000 ಕಿಲೋಮೀಟರು, ದೂರವೆಂದರೆ ಸುಮಾರು 4,05,000 ಕಿಲೋಮೀಟರು. ಅತ್ಯಂತ ದೂರದ ಆ ಬಿಂದುವೇ ಅವರ ಕಪ್ಪು ಚಂದ್ರ. ಈ ಬಿಂದುವು ಭಾರತೀಯ ಸಿದ್ಧಾಂತಕಾರರಿಗೆ ಹೊಸದಲ್ಲ. ಇದಕ್ಕೆ ಚಂದ್ರೋಚ್ಚವೆಂದು ಹೆಸರು. ಸೂರ್ಯಸಿದ್ಧಾಂತದಲ್ಲಿ 43,20,000 ವರ್ಷಗಳ ಒಂದು ಮಹಾಯುಗಕ್ಕೆ ಚಂದ್ರೋಚ್ಚದ ಭಗಣಗಳು 4,88,203 ಎಂದು ಹೇಳಿದೆ. ಭಾಗಿಸಿ ನೋಡಿದರೆ ಒಂದು ಸುತ್ತಿಗೆ ಸುಮಾರು 8 ವರ್ಷ 10 ತಿಂಗಳಾಗುತ್ತದೆ. ಇಂದಿನ ಖಗೋಳಶಾಸ್ತ್ರವು ಹೇಳುವುದೂ ಅದನ್ನೇ. ಫಲಜ್ಯೋತಿಷದಲ್ಲಿ ವೃಷಭದ 3ನೆಯ ಅಂಶೆಯು ಚಂದ್ರನಿಗೆ ಉಚ್ಚವೆಂದು ಹೇಳುವುದುಂಟು. ಅದು ಸ್ಥಿರವಾದ ರಾಶಿಬಲದ ಮಾತು, ಇದು ಚಲಿಸುವ ಬಿಂದುವಿನ ಗಣಿತ. ಹೆಸರು ಒಂದೇ ಆದಮಾತ್ರಕ್ಕೆ ಈ ಎರಡನ್ನೂ ಬೆರಸತಕ್ಕದ್ದಲ್ಲ.

ಸೂರ್ಯಸಿದ್ಧಾಂತದ ಸ್ಪಷ್ಟಾಧಿಕಾರದಲ್ಲಿ ಇನ್ನೊಂದು ಸೊಗಸಾದ ಕಲ್ಪನೆಯುಂಟು. ಉಚ್ಚ ಪಾತಗಳೆಂಬುವು ಕಣ್ಣಿಗೆ ಕಾಣದ ಕಾಲಮೂರ್ತಿಗಳಂತೆ. ಅವು ರಾಶಿಚಕ್ರದಲ್ಲಿ ಕುಳಿತು, ಗಾಳಿಯ ಹಗ್ಗಗಳಿಂದ ಗ್ರಹಗಳನ್ನು ಕಟ್ಟಿ, ಎಡಗೈ ಬಲಗೈಗಳಿಂದ ತಮ್ಮ ಕಡೆಗೆ ಜಗ್ಗುತ್ತವೆಯಂತೆ. ಹಗ್ಗ ಹಿಡಿದು ದನವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವ ಗೋವಳನನ್ನು ಕಂಡವರಿಗೆ ಈ ಚಿತ್ರವು ಕೂಡಲೇ ತಿಳಿಯುತ್ತದೆ. ಚಂದ್ರನು ತನ್ನ ಮಧ್ಯಮಗತಿಯಲ್ಲಿ ನಡೆಯದೆ ಒಮ್ಮೆ ಮುಂದೆ ಒಮ್ಮೆ ಹಿಂದೆ ಕಾಣುವುದಕ್ಕೆ ಹಿಂದಿನವರು ಹೇಳಿದ ಕಾರಣವಿದು.

ಇನ್ನು ರವಿಗೂ ಈ ಉಚ್ಚಕ್ಕೂ ಸಂಬಂಧವಿಲ್ಲವೋ ಎಂದರೆ ಉಂಟು, ಗಣಿತದಲ್ಲಿ ಉಂಟು. ಕ್ರಿಸ್ತಶಕ 932ಕ್ಕೆ ಸೇರಿದ ಲಘುಮಾನಸವೆಂಬ ಕರಣಗ್ರಂಥದಲ್ಲಿ ಮಂಜುಲಾಚಾರ್ಯನು ಚಂದ್ರನಿಗೆ ಮಂದಸಂಸ್ಕಾರವಲ್ಲದೆ ಮತ್ತೊಂದು ಸಂಸ್ಕಾರವನ್ನು ವಿಧಿಸಿದನು. ಅದರ ಪ್ರಮಾಣವು ರವಿಗೂ ಚಂದ್ರೋಚ್ಚಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ರವಿಯು ಉಚ್ಚರೇಖೆಯ ನೇರದಲ್ಲಿ ನಿಂತಾಗ ಚಂದ್ರಪಥವು ಹೆಚ್ಚು ನೀಳವಾಗುತ್ತದೆ, ಅಡ್ಡಲಾಗಿ ನಿಂತಾಗ ದುಂಡಗಾಗುತ್ತದೆ. ಅಷ್ಟು ಮಾತ್ರವಲ್ಲ. ಉಚ್ಚವು ಒಂದೇ ಕಡೆ ನಿಲ್ಲದೆ ಸುತ್ತುವುದಕ್ಕೆ ಮುಖ್ಯಕಾರಣವೂ ರವಿಯ ಆಕರ್ಷಣೆಯೇ. 1687ರಲ್ಲಿ ನ್ಯೂಟನ್ ಪಂಡಿತನು ಇದನ್ನು ಗಣಿಸಹೋಗಿ, ಕಣ್ಣಿಗೆ ಕಾಣುವ ಗತಿಯ ಅರ್ಧದಷ್ಟನ್ನು ಮಾತ್ರ ಪಡೆದನು. ಉಳಿದ ಅರ್ಧದ ಲೆಕ್ಕವನ್ನು 1749ರಲ್ಲಿ ಫ್ರಾನ್ಸಿನ ಕ್ಲೇರೋ ಎಂಬುವನು ಸರಿಪಡಿಸಿದನು. ಆದುದರಿಂದ ಕಪ್ಪು ಚಂದ್ರನು ರವಿಯ ಹಗೆಯೂ ಅಲ್ಲ, ರವಿಯ ಹಿಡಿತ ತಪ್ಪಿಸಿಕೊಂಡು ಓಡಿಹೋದವನೂ ಅಲ್ಲ. ಅವನನ್ನು ತಿರುಗಿಸುತ್ತಿರುವವನು ರವಿಯೇ.

ಈ ಗಣಿತವನ್ನು ಕಂಡಿದ್ದ ಹಿಂದಿನವರು ಚಂದ್ರೋಚ್ಚಕ್ಕೆ ನವಗ್ರಹಗಳಲ್ಲಿ ಸ್ಥಾನವನ್ನು ಕೊಡಲಿಲ್ಲ. ಪಾತಕ್ಕೆ ರಾಹುವೆಂದು ಹೆಸರಿಟ್ಟು ಗ್ರಹಪಂಕ್ತಿಯಲ್ಲಿ ಕೂರಿಸಿದವರು, ಉಚ್ಚವನ್ನು ಪಂಚಾಂಗದ ಲೆಕ್ಕಕ್ಕೆ ಮಾತ್ರ ಇಟ್ಟುಕೊಂಡರು. ಹೀಗಿರಲಾಗಿ ಹುಡುಗಿಯೊಬ್ಬಳ ಸಂಬಂಧವನ್ನು ಮುರಿಯಲು ಆಧಾರವಾದ ಫಲವು ಯಾವ ಪ್ರಾಚೀನ ಹೋರೆಯಿಂದಲೂ ಬಂದುದಲ್ಲ, ದೂರದೇಶದ ಐತಿಹ್ಯವೊಂದರ ಹೆಸರಿನಿಂದ ಈಚೆಗೆ ಹುಟ್ಟಿದುದು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ರವಿಯು ಚಂದ್ರೋಚ್ಚವನ್ನು ಒಮ್ಮೆ ಕೂಡಿ ಮತ್ತೆ ಕೂಡಲು ಸುಮಾರು 412 ದಿನಗಳು ಹಿಡಿಯುತ್ತವೆ. ಕೂಟಕ್ಕೆ ಎರಡು ಪಕ್ಕದಲ್ಲಿಯೂ 8 ಅಂಶೆಗಳ ಅವಕಾಶ ಕೊಟ್ಟರೆ, ಒಂದು ಕೂಟವು ಸುಮಾರು 18 ದಿನ ನಡೆಯುತ್ತದೆ. ಕೂಟವಲ್ಲದೆ ಎದುರುನೋಟ, ಚತುರಸ್ರ, ತ್ರಿಕೋಣ, ಷಷ್ಟ್ಯಂಶಗಳೆಂಬ ಪಾಶ್ಚಾತ್ಯ ದೃಷ್ಟಿಗಳನ್ನೂ ಸೇರಿಸಿದರೆ ಚಕ್ರದಲ್ಲಿ ಎಂಟು ಸ್ಥಾನಗಳಾಗುತ್ತವೆ. ಒಂದೊಂದಕ್ಕೆ 16 ಅಂಶೆಗಳಂತೆ 360 ಅಂಶೆಗಳಲ್ಲಿ 128 ಅಂಶೆಗಳನ್ನು ಈ ಯೋಗವೇ ಆವರಿಸುತ್ತದೆ. ಎಂದರೆ ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಸುಮಾರು 36 ಮಕ್ಕಳಿಗೆ ಈ 'ಕಾಡುಗುಣ'ವು ಬರಬೇಕು! ಹೆಣ್ಣು ನೋಡಲು ಬಂದ ಮನೆಯವರಲ್ಲಿಯೂ ಮೂವರಿಗೊಬ್ಬರಿಗೆ ಅದು ಇದ್ದೇ ತೀರಬೇಕು. ಮೂವರಲ್ಲಿ ಒಬ್ಬರಿಗೆ ಇರುವುದನ್ನು ದೋಷವೆಂದು ಕರೆದು ಒಬ್ಬ ಹುಡುಗಿಯ ಹಣೆಗೆ ಮಾತ್ರ ಹಚ್ಚುವುದು ಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.

ಶರಣರ ನಿಲುವಂತೂ ಇದಕ್ಕಿಂತ ಖಚಿತವಾದುದು. ಲಗ್ನ, ರಾಶಿಕೂಟ, ಚಂದ್ರಬಲ, ತಾರಾಬಲಗಳ ವಿಚಾರದಲ್ಲಿ ಬಸವಣ್ಣನವರು ಕೊಟ್ಟ ತೀರ್ಪು ಭಕ್ತರಿಗೆ ತಿಳಿದುದೇ ಆಗಿದೆ. ಶಿವನನ್ನು ನಂಬಿದವನಿಗೆ ಬರುವ ದಿನವೆಲ್ಲ ಒಳ್ಳೆಯ ದಿನ. ಇಷ್ಟಲಿಂಗವು ಅಂಗೈಯಲ್ಲಿರುವಾಗ ಆಕಾಶದ ಬರಿಯ ಬಿಂದುವಿಗೆ ಹೆದರುವುದು ಲಿಂಗನಿಷ್ಠೆಗೆ ಕುಂದು. ಇಷ್ಟರಿಂದ ಅಜ್ಜನ ಮೊದಲನೆಯ ಪ್ರಶ್ನೆಗೆ ಉತ್ತರವಾಯಿತು: ದೋಷವಿಲ್ಲ, ಆದುದರಿಂದ ಶಾಂತಿಯೂ ಬೇಕಾಗಿಲ್ಲ.

ಆದರೆ ಇಲ್ಲಿಗೇ ಮಾತನ್ನು ನಿಲ್ಲಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಗ್ರಹವನ್ನು ತಳ್ಳಿಹಾಕಬಹುದು. ಮನುಷ್ಯನೊಳಗಿನ ಅಡವಿಯನ್ನು ತಳ್ಳಿಹಾಕಲು ಬರುವುದಿಲ್ಲ. ಹೆಸರು, ಕುಲ, ಮನೆತನ, ಮರ್ಯಾದೆಗಳೆಂದು ಹಗಲಿನಲ್ಲಿ ನಿಂತಿರುವ ಒಬ್ಬನು ಎಲ್ಲರಲ್ಲಿಯೂ ಇದ್ದಾನೆ. ಯಾರ ಮಾತನ್ನೂ ಕೇಳದೆ ಸಿಟ್ಟಾಗಿ, ಆಸೆಯಾಗಿ, ಭಯವಾಗಿ, ಹಟವಾಗಿ ಏಳುವ ಮತ್ತೊಬ್ಬನೂ ಎಲ್ಲರಲ್ಲಿಯೂ ಇದ್ದಾನೆ. ಶೈವಶಾಸ್ತ್ರಗಳು ಜೀವನನ್ನು ಪಶುವೆಂದೂ, ಬಂಧನವನ್ನು ಪಾಶವೆಂದೂ, ಶಿವನನ್ನು ಪತಿಯೆಂದೂ ಕರೆದುದು ಸುಮ್ಮನೆ ಅಲ್ಲ. ಪಶುವೆಂಬುದು ಬೈಗುಳವಲ್ಲ, ಒಡೆಯನುಳ್ಳ ಒಂದು ಜೀವವೆಂದು ಅದರ ಅರ್ಥ.

ಈ ಪಶುವನ್ನು ಏನು ಮಾಡಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅಜ್ಜಂಪುರದ ಅಮೃತಮಹಲ್ ದನಗಳೇ ದೃಷ್ಟಾಂತ. ವಿಜಯನಗರದವರ ಕಾಲದಿಂದ ಶ್ರೀರಂಗಪಟ್ಟಣಕ್ಕೆ ಬಂದ ರಾಸುಗಳ ಮಂದೆಯನ್ನು ಚಿಕ್ಕದೇವರಾಜ ಒಡೆಯರು ಬೆಳೆಸಿ, ಅದಕ್ಕೆ ಬೆಣ್ಣೆ ಚಾವಡಿಯೆಂದು ಹೆಸರಿಟ್ಟರು. ಟಿಪ್ಪೂ ಸುಲ್ತಾನನು ಅದನ್ನು ಅಮೃತಮಹಲೆಂದು ಕರೆದನು. ಈ ಮಂದೆಗಳು ಕೊಟ್ಟಿಗೆಯಲ್ಲಿ ಬೆಳೆದುವಲ್ಲ. ಕಾವಲುಗಳೆಂಬ ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ, ಬಿಸಿಲು ಮಳೆಗಳಲ್ಲಿ, ಕಾಡುಮೃಗಗಳ ನೆರೆಯಲ್ಲಿ ಬೆಳೆದುವು. ಕಡೂರು ಸೀಮೆಯ ಬಾಸೂರು ಕಾವಲಿನಲ್ಲಿ ಇಂದಿಗೂ ಕೃಷ್ಣಮೃಗಗಳು ಮೇಯುತ್ತವೆ. 2011ರಲ್ಲಿ ಸರ್ಕಾರವು ಅದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಅಂಥ ಕಾವಲುಗಳಲ್ಲಿ ಬೆಳೆದ ದನವು ಅರ್ಧ ಕಾಡಿನದೇ. ನೀಳವಾಗಿ ಹಿಂದಕ್ಕೆ ಬಾಗಿದ ಚೂಪುಕೊಂಬು, ಕೆರಳಿದ ಕಣ್ಣು, ಸದಾ ನಿಮಿರಿದ ಕಿವಿ. ಅಪರಿಚಿತನು ಕಾಲುನಡಿಗೆಯಲ್ಲಿ ಹತ್ತಿರಕ್ಕೆ ಹೋಗುವುದು ಅಪಾಯ. ತನ್ನ ಕಾವಲುಗಾರನ ಕೂಗಿಗೆ ಮಾತ್ರ ಅದು ತಲೆಯೆತ್ತುತ್ತದೆ.

ಆ ಕಾಡುತನವೇ ಅದರ ಬೆಲೆ. ಹೈದರಾಲಿಯು ಚಿದಂಬರದ ನೆರವಿಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿಗಳನ್ನು ಸಾಗಿದುದೂ, ಸೋತಾಗಲೂ ಶತ್ರುವಿನ ಕಣ್ಣಮುಂದೆಯೇ ತನ್ನ ಫಿರಂಗಿಗಳನ್ನು ಎಳೆದುಕೊಂಡು ಹಿಂದಿರುಗಿದುದೂ ಈ ಎತ್ತುಗಳ ಬಲದಿಂದಲೇ ಎಂದು ಮೈಸೂರಿನ ಗೆಜೆಟಿಯರಿನಲ್ಲಿ ಬರೆದಿದೆ. 1799ರ ಮೇಲೆ ಮಂದೆಗಳು ಇಂಗ್ಲಿಷರ ಕೈಸೇರಿದುವು. 1860ರಲ್ಲಿ ಅವರು ಖರ್ಚನ್ನು ಉಳಿಸಬೇಕೆಂದು ಮಂದೆಗಳನ್ನು ಮಾರಿಬಿಟ್ಟರು. ಎಳೆಯುವ ಬಲವು ಬೇರೆಲ್ಲಿಯೂ ಸಿಕ್ಕದೆ, 1866ರಲ್ಲಿ ಅದೇ ಮಂದೆಯನ್ನು ಮತ್ತೆ ಕೂಡಿಸಬೇಕಾಯಿತು. 1882ರಲ್ಲಿ ಅದು ಮೈಸೂರಿನ ದರಬಾರಿಗೆ ಬಂದಿತು. ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿ ಆ ಸಂತಾನವನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ತನ್ನೊಳಗಿನ ಬಲವನ್ನು ತೊಂದರೆಯೆಂದು ಭಾವಿಸಿ ಮಾರಿಕೊಂಡವನು ಆರು ವರ್ಷಗಳಲ್ಲಿಯೇ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಕಾಡುದನವನ್ನು ಕಾಡಿಗೇ ಬಿಟ್ಟುಬಿಡುವುದೋ? ಅದೂ ಅಲ್ಲ. ಕಾವಲಿನ ಹೋರಿಗಳನ್ನು ದೊಡ್ಡಿಗೆ ಅಟ್ಟಿ, ಹಗ್ಗ ಹಾಕಿ ಹಿಡಿದು, ಕಂಬಕ್ಕೆ ಕಟ್ಟಿ, ಕೆಲಕಾಲ ಕಳೆದ ಮೇಲೆ ಪಳಗಿದ ಎತ್ತಿನೊಡನೆ ಜೊತೆಮಾಡುವುದು ಹಿಂದಿನಿಂದ ಬಂದ ಕ್ರಮ. ಹೊಡೆತದಿಂದ ಬಾರದ ನಡೆ ಜೊತೆಯಿಂದ ಬರುತ್ತದೆ. ಪಕ್ಕದಲ್ಲಿ ಹೆಜ್ಜೆಯಿಡುವ ಹಳೆಯ ಎತ್ತು ಹೊಸದಕ್ಕೆ ಗುರು. ಕೊಂಬನ್ನು ಕತ್ತರಿಸಿ ಯಾರೂ ಪಳಗಿಸುವುದಿಲ್ಲ. ಅದರ ವೇಗವನ್ನು ಕಳೆದ ಮೇಲೆ ಪಳಗಿಸಿ ಫಲವೇನು?

ಇದಕ್ಕೆ ವಿರುದ್ಧವಾದ ನಡೆಯಿಂದ ಏನಾಗುತ್ತದೆಂಬುದನ್ನು ತಿಳಿಯಲು ತರೀಕೆರೆಯ ಕಡೆಗೆ ತಿರುಗಬಹುದು. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯವು ಭಕ್ತರೆಲ್ಲ ಕಂಡುದೇ. ಅಲ್ಲಿಯ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಅದೇ ಜನ್ನನು 1209ರಲ್ಲಿ ಯಶೋಧರ ಚರಿತೆಯನ್ನು ಬರೆದನು. ಕವಿಯು ಜೈನನಾದರೂ ಶಿವಾಲಯದ ಕಲ್ಲಿಗೆ ಕವಿತೆಯನ್ನು ಕೊಟ್ಟನು. ಅವನ ಕಾವ್ಯದ ತಿಳಿವನ್ನು ಶಿವಭಕ್ತರು ಸ್ವೀಕರಿಸುವುದರಲ್ಲಿ ತಪ್ಪಿಲ್ಲ.

ಆ ಕಥೆಯಲ್ಲಿ ರಾಣಿ ಅಮೃತಮತಿಯು ರಾತ್ರಿಯ ಹೊತ್ತಿನಲ್ಲಿ ಆನೆಯ ಮಾವುತನೊಬ್ಬನ ಹಾಡನ್ನು ಕೇಳಿ ಮನಸೋಲುತ್ತಾಳೆ. ಆ ಅಷ್ಟಾವಂಕನು ಕುರೂಪಿ, ಕ್ರೂರಿ. ಆದರೂ ಅವಳು ಅವನಲ್ಲಿಗೆ ಹೋಗುತ್ತಾಳೆ. ರಾಣಿಯೆಂಬ ಹೆಸರು ಅರಮನೆಯಲ್ಲಿ ಉಳಿಯುತ್ತದೆ, ಅವಳು ಮಾತ್ರ ಗಜಶಾಲೆಯಲ್ಲಿ. ಅರಸನಾದ ಯಶೋಧರನು ಹಿಂದೆ ಹೋಗಿ ಕಣ್ಣಾರೆ ಕಂಡು, ಕತ್ತಿಯನ್ನೆತ್ತಿ, ಮತ್ತೆ ತಡೆದುಕೊಳ್ಳುತ್ತಾನೆ. ತಡೆದುಕೊಂಡುದು ಒಳ್ಳೆಯದೇ. ಆದರೆ ತನ್ನೊಳಗೆದ್ದ ಬೆಂಕಿಯನ್ನು ಅವನು ಯಾರ ಮುಂದೆಯೂ ಇಡಲಿಲ್ಲ. ತಾಯಿಗೆ ಕೆಟ್ಟ ಕನಸೆಂದು ಸುಳ್ಳು ಹೇಳಿದನು. ತಾಯಿಯು ಕನಸಿನ ಶಾಂತಿಗೆ ಪಶುಬಲಿಯನ್ನು ಬೇಡಿದಳು. ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿಯನ್ನು ಮಾಡಿ ಬಲಿಕೊಟ್ಟರು. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪವು ನಿಜವಾದುದರಿಂದ, ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪಶುಪಕ್ಷಿಗಳಾಗಿ ತೊಳಲಿದರು.

ಇಲ್ಲಿ ಎರಡು ದಾರಿಗಳು ಕಾಣುತ್ತವೆ. ರಾಣಿಯು ಒಳಗಿನ ಪಶುವಿನ ಹಗ್ಗವನ್ನು ಬಿಟ್ಟಳು, ಅದು ಎಳೆದ ಕಡೆ ಹೋದಳು. ಅರಸನು ಆ ಪಶುವನ್ನು ಕಂಡೂ ಕಾಣದವನಂತೆ ಮುಚ್ಚಿಟ್ಟು, ಹಿಟ್ಟಿನ ಕೋಳಿಯಲ್ಲಿ ಅದನ್ನು ಕೊಂದೆನೆಂದು ತಿಳಿದನು. ಎರಡರಲ್ಲಿಯೂ ನಾಶವೇ ಆಯಿತು. ದೋಷಶಾಂತಿಯೆಂದು ಹಣ ತೆತ್ತು ನಿಂಬೆಹಣ್ಣನ್ನು ಕೊಯ್ಯಿಸಿ, ಮಗಳ ಸ್ವಭಾವವು ಬದಲಾಯಿತೆಂದು ನಂಬುವವರು ಹಿಟ್ಟಿನ ಕೋಳಿಯನ್ನು ಮತ್ತೆ ಮಾಡುತ್ತಿದ್ದಾರೆ.

ಮೂರನೆಯ ದಾರಿಯೊಂದುಂಟು. ಅದನ್ನು ತೋರಿಸಿದವರು ಶರಣರು. ಅಮೃತಾಪುರದ ದೇವಾಲಯವು ಏಳುವುದಕ್ಕೆ ಕೆಲವು ದಶಕಗಳ ಹಿಂದೆ, ಇಲ್ಲಿಂದ ಬಹುದೂರವಲ್ಲದ ಉಡುತಡಿಯಲ್ಲಿ ಮಹಾದೇವಿಯಕ್ಕನವರು ಹುಟ್ಟಿದರು. ಕೌಶಿಕನೊಡನೆ ಮದುವೆಯಾಯಿತೆಂದೂ ಆಗಲಿಲ್ಲವೆಂದೂ ಕವಿಗಳಲ್ಲಿ ಭೇದವುಂಟು. ಅರಮನೆಯನ್ನೂ ಉಡುಗೆಯನ್ನೂ ಬಿಟ್ಟು ಹೊರಟರೆಂಬುದರಲ್ಲಿ ಭೇದವಿಲ್ಲ. ಇಂದಿನ ಜಾತಕಜ್ಞನು ಅಂದು ಇದ್ದಿದ್ದರೆ, ಕಾಡುಗುಣವೆಂಬ ಮಾತನ್ನು ಮೊದಲು ಅಕ್ಕನವರ ಮೇಲೆಯೇ ಬರೆಯುತ್ತಿದ್ದನು. ಮನೆಗೆ ಒಗ್ಗದವಳು, ಗಂಡನನ್ನು ಒಲ್ಲದವಳು, ಅಡವಿಯಲ್ಲಿ ಒಬ್ಬಳೇ ನಡೆದವಳು. ಆದರೆ ಕಲ್ಯಾಣದ ಶರಣರು ಏನು ಮಾಡಿದರು? ಅಲ್ಲಮಪ್ರಭುಗಳು ಕಟುವಾದ ಪ್ರಶ್ನೆಗಳನ್ನು ಕೇಳಿದರು. ದೇಹದ ಭ್ರಾಂತಿ ಅಳಿದಿದ್ದರೆ ಕೂದಲಿನಿಂದ ಮೈಮುಚ್ಚಿಕೊಂಡುದೇಕೆಂಬುದೂ ಆ ಪ್ರಶ್ನೆಗಳಲ್ಲಿ ಒಂದು. ನೋಡುವವರಿಗೆ ನೋವಾಗದಿರಲೆಂದು ಅಕ್ಕನವರ ಉತ್ತರದ ತಾತ್ಪರ್ಯ. ಈ ಸಂವಾದವು ಶೂನ್ಯಸಂಪಾದನೆಯಲ್ಲಿದೆ. ಪರೀಕ್ಷೆಯು ಅವರ ಬಲವನ್ನು ಮುರಿಯುವುದಕ್ಕಾಗಿ ನಡೆದುದಲ್ಲ. ಆ ಬಲವು ಯಾವ ಮುಖವಾಗಿದೆ ಎಂದು ತಿಳಿಯುವುದಕ್ಕಾಗಿ ನಡೆದುದು. ಅದು ಲಿಂಗಮುಖವಾಗಿದೆ ಎಂದು ತಿಳಿದ ಕೂಡಲೇ ವಯಸ್ಸಿನಲ್ಲಿ ಕಿರಿಯಳಾದವಳನ್ನು ಶರಣರೆಲ್ಲರೂ ಅಕ್ಕನೆಂದು ಕರೆದರು.

ಪ್ರಶ್ನೆ ಕೇಳಿದ ಅಲ್ಲಮರ ಕಥೆಯೂ ಇದಕ್ಕೆ ಹೊರತಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮನು ಮದ್ದಳೆಯನ್ನು ಬಾರಿಸುವವನು, ಕಮಲತೆಯೆಂಬುವಳಲ್ಲಿ ಪ್ರಾಣವನ್ನೇ ಇಟ್ಟವನು. ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆದವನು. ಹಾಗೆ ಅಲೆಯುತ್ತ, ಭೂಮಿಯೊಳಗೆ ಹೂತುಹೋಗಿದ್ದ ಗುಡಿಯನ್ನು ಕಂಡು, ಅಲ್ಲಿ ಅನಿಮಿಷಯ್ಯನ ಕೈಯಿಂದ ಲಿಂಗವನ್ನು ಪಡೆದನು. ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಈ ಕಥೆಯನ್ನು ಬೇರೆಯಾಗಿಯೇ ಹೇಳಿ, ಪ್ರಭುವು ಮಾಯೆಗೆ ಸಿಕ್ಕಲೇ ಇಲ್ಲವೆಂದು ತೋರಿಸಿದ್ದಾನೆ. ಎರಡಕ್ಕೂ ಮಠಗಳಲ್ಲಿ ಮನ್ನಣೆಯುಂಟು. ಹರಿಹರನ ಕಥೆಯಿಂದ ಸಂಸಾರಿಗಳಿಗೆ ದೊರೆಯುವ ಸಮಾಧಾನ ದೊಡ್ಡದು. ಕಮಲತೆಯ ಹಿಂದೆ ಓಡಿದ ವೇಗವೇ ಗುಹೇಶ್ವರನ ಕಡೆಗೆ ತಿರುಗಿತು. ಆ ವೇಗವಿಲ್ಲದವನು ಗುಡಿಯ ಕಳಸವನ್ನು ಕೆದಕಿ ಒಳಗೆ ಇಳಿಯುತ್ತಲೇ ಇರಲಿಲ್ಲ.

ಷಟ್‌ಸ್ಥಲದ ಸಾಧನೆಯು ಇದನ್ನೇ ಕ್ರಮಪಡಿಸುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ನೆಲೆಗಳಲ್ಲಿ ಎಲ್ಲಿಯೂ ಇಂದ್ರಿಯವನ್ನು ಕೊಲ್ಲೆಂಬ ವಿಧಿಯಿಲ್ಲ. ಕಣ್ಣು ಕಂಡುದನ್ನು, ಕಿವಿ ಕೇಳಿದುದನ್ನು, ನಾಲಗೆ ಸವಿದುದನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಪಡೆಯೆಂದು ಹೇಳಿದೆ. ಅರ್ಪಿಸುವುದೆಂದರೆ ಒಂದು ಕ್ಷಣ ನಿಲ್ಲುವುದು. ಸಿಟ್ಟು ಬಂದಾಗ ಆ ಒಂದು ಕ್ಷಣ ನಿಂತು, ಇದನ್ನು ಲಿಂಗದ ಮುಂದೆ ಇಡಬಹುದೆ ಎಂದು ಕೇಳಿಕೊಂಡವನಿಗೆ ಪಶುವಿನ ಹಗ್ಗವು ಕೈಗೆ ಸಿಕ್ಕಿತು. ಅನ್ಯಾಯವನ್ನು ಕಂಡು ಹುಟ್ಟಿದ ಸಿಟ್ಟಾದರೆ ಇಡಬಹುದು. ಆಗ ಅದು ಧೈರ್ಯವೆಂಬ ಪ್ರಸಾದವಾಗಿ ಮರಳಿ ಬರುತ್ತದೆ. ಹೊಟ್ಟೆಯುರಿಯಿಂದ ಹುಟ್ಟಿದುದಾದರೆ ಇಡಲು ಕೈ ಬಾರದು, ಅಲ್ಲಿಯೇ ಬಿದ್ದುಹೋಗುತ್ತದೆ. ಕಾಯಕವು ನೊಗ, ಸತ್ಸಂಗವು ಜೊತೆಯ ಎತ್ತು, ಗುರುವು ದಾರಿಯನ್ನು ಬಲ್ಲ ಗೋವಳ.

ಆದರೆ ದೃಷ್ಟಾಂತವನ್ನು ಅದರ ಎಲ್ಲೆಯನ್ನು ಮೀರಿ ಎಳೆಯಬಾರದು. ಹೋರಿಯ ಕೊರಳಿಗೆ ನೊಗವನ್ನು ಇಡುವವನು ಬೇರೊಬ್ಬನು. ಮನುಷ್ಯನಾದರೆ ತನ್ನ ನೊಗಕ್ಕೆ ತಾನೇ ಕೊರಳನ್ನು ಕೊಡಬೇಕು. ಇಷ್ಟಲಿಂಗವನ್ನು ಗುರುವು ಅಂಗೈಗೆ ಕೊಡುತ್ತಾನೆ, ಮುಷ್ಟಿಯನ್ನು ಬಿಗಿಹಿಡಿದು ಬಲಾತ್ಕಾರದಿಂದ ಪೂಜಿಸುವಂತೆ ಮಾಡುವುದಿಲ್ಲ. ತಂದೆಯು ಮಗಳಿಗೂ, ಗಂಡನು ಹೆಂಡತಿಗೂ, ಅತ್ತೆಯು ಸೊಸೆಗೂ ಹೊರಿಸಿದ ನೊಗವನ್ನು ಸಂಸ್ಕಾರವೆಂದು ಕರೆಯುವುದು ವಾಡಿಕೆಯಾಗಿದೆ. ಅದರಲ್ಲಿ ಬಹುಪಾಲು ಹೊರಿಸಿದವರ ಅನುಕೂಲಕ್ಕಾಗಿಯೇ ಇರುವುದೆಂದು ಹೇಳದೆ ವಿಧಿಯಿಲ್ಲ. ಅಂಥ ಅನುಕೂಲಕ್ಕೆ ಬಗ್ಗದವಳಿಗೆ ಕಾಡುಗುಣವೆಂದು ಹೆಸರಿಟ್ಟು, ಅದಕ್ಕೆ ಆಕಾಶದ ಸಾಕ್ಷಿಯನ್ನು ತರುವುದು ಆ ಆಕಾಶಕ್ಕೂ ಮಾಡುವ ಅಪಚಾರ.

ಈಗ ಆ ಒಕ್ಕಲುಮನೆಗೆ ಹಿಂದಿರುಗಬಹುದು. ಅಜ್ಜನಿಗೆ ಮಠವು ಹೇಳತಕ್ಕ ಮಾತು ದೀರ್ಘವಾದುದಲ್ಲ. 'ಯಜಮಾನರೇ, ನಿಮ್ಮ ಮೊಮ್ಮಗಳಿಗೆ ದೋಷವಿಲ್ಲ. ಹೋರಿಯ ಮೂಗುದಾರವನ್ನು ಹಿಡಿಯುವ ಕೈ ಅವಳದು. ಆ ಕೈಯಲ್ಲಿ ಲಿಂಗವಿದೆಯೇ ನೋಡಿ. ಇದ್ದರೆ ಹೆದರಬೇಡಿ, ಇಲ್ಲದಿದ್ದರೆ ಕರೆತನ್ನಿ. ಅವಳ ಮಾತನ್ನು ಅಡಗಿಸಬೇಡಿ, ಮಾತಿಗೆ ಕಾಯಕವನ್ನು ಜೊತೆಮಾಡಿ. ಅವಳ ಬಲವನ್ನು ಕಂಡು ಅಂಜಿದ ಮನೆಯು ಅವಳಿಗೆ ತಕ್ಕ ಮನೆಯಲ್ಲ. ಆ ಬಲವನ್ನು ಕಂಡು ಸಂತೋಷಪಡುವ ಮನೆಯೊಂದು ಬರುತ್ತದೆ. ಬಾರದಿದ್ದರೂ ಅವಳು ಶರಣೆಯಾಗಿ ಬಾಳುವುದಕ್ಕೆ ಕೊರತೆಯಿಲ್ಲ.' ಆ ಅಜ್ಜನು ಈ ಮಾತನ್ನು ಕೇಳಿ, ಶಾಂತಿಗೆಂದು ಸೆರಗಿನಲ್ಲಿ ಕಟ್ಟಿ ತಂದಿದ್ದ ಹಣವನ್ನು ದಾಸೋಹಕ್ಕೆ ಇಟ್ಟು, ನೆಟ್ಟಗೆ ನಿಂತು ಮನೆಗೆ ಹೋಗುವಂತಾದರೆ, ಮಠಗಳು ಇಷ್ಟು ವರ್ಷ ಇದ್ದುದು ಸಾರ್ಥಕ.

ಹುಡುಗಿಗೂ ಒಂದು ಮಾತುಂಟು. ತನಗೆ ದೋಷವಿಲ್ಲವೆಂದು ತಿಳಿದ ಮೇಲೆ, ತನ್ನಲ್ಲಿ ಏಳುವುದೆಲ್ಲವೂ ಗುಣವೇ ಎಂದು ಅವಳು ಭಾವಿಸಬಾರದು. ಅಮೃತಮತಿಯಲ್ಲಿದ್ದ ಬಲವೂ ಅಕ್ಕನವರಲ್ಲಿದ್ದ ಬಲವೂ ಮೂಲದಲ್ಲಿ ಬೇರೆಯಲ್ಲ. ಒಬ್ಬಳನ್ನು ಅದು ಎಳೆದುಕೊಂಡು ಹೋಯಿತು. ಇನ್ನೊಬ್ಬರು ಅದನ್ನು ಏರಿ ಶ್ರೀಶೈಲದ ಕದಳಿಯನ್ನು ಸೇರಿದರು. ಈ ವ್ಯತ್ಯಾಸವನ್ನು ಯಾವ ಜಾತಕವೂ ಬರೆದುಕೊಡಲಾರದು. ಪ್ರತಿದಿನವೂ ಇಷ್ಟಲಿಂಗದ ಮುಂದೆ ಕುಳಿತು ತಾನೇ ಬರೆದುಕೊಳ್ಳಬೇಕು.

ರವಿಯು ಚಂದ್ರೋಚ್ಚವನ್ನು ದ್ವೇಷಿಸದೆ, ಅಳಿಸದೆ, ತನ್ನ ಆಕರ್ಷಣೆಯಿಂದ ಸುತ್ತಿಸುತ್ತ ಬಂದಿದ್ದಾನೆ. ಹಾಗೆಯೇ ಜೀವನೊಳಗಿನ ಅರಿವೆಂಬ ರವಿಯು ಅಡವಿಯೆಂಬ ಮನಸ್ಸಿನ ದೂರದ ತುದಿಯನ್ನೂ ತನ್ನ ಬೆಳಕಿನೊಳಗೆ ತಿರುಗಿಸಿಕೊಳ್ಳಲಿ. ಕಡೂರಿನ ಕಾವಲಿನಲ್ಲಿ, ತರೀಕೆರೆಯ ತೋಟದಲ್ಲಿ, ಅಜ್ಜಂಪುರದ ಹೊ಼ಲದಲ್ಲಿ ದುಡಿಯುವ ಸದ್ಭಕ್ತರ ಮನೆಗಳಲ್ಲಿ ಮಕ್ಕಳು ಅಂಜಿಕೆಯಿಲ್ಲದೆ ಬೆಳೆಯಲಿ. ಹಿರಿಯರು ಅವರನ್ನು ಜಾತಕದಿಂದಲ್ಲದೆ ಅವರ ನಡೆಯಿಂದ ಅರಿಯಲಿ. ಶ್ರೀಗುರುವಿನ ಕೃಪೆಯು ಸಕಲರ ಮೇಲೂ ಇರಲಿ.